ಬಂಟ್ವಾಳದ ಓಟವೂ ನಮ್ಮ ಮನೆಯ ದಣಪೆಯೂ

ಹೋದ ತಿಂಗಳು ಒಂದು ಮದುವೆಗೆಂದು ಮಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ಬಸ್ಸಿಳಿದರೆ ರಸ್ತೆಗೆ ಅಡ್ಡ ಹಗ್ಗ ಕಟ್ಟಿ ಪೊಲೀಸರು ನಿಂತಿದ್ದಾರೆ. ಮ್ಯಾರಥಾನ್ ಅಂತೆ, ವರ್ಷವೂ ನಡೆಯುತ್ತದಂತೆ, ಓಡುವವರು ದಾಟುವ ತನಕ ನಡೆಯುವವರು ನಿಲ್ಲಬೇಕಂತೆ. ನನ್ನ ಮಂಡಿಗೆ ನಿಲ್ಲುವುದೆಂದರೆ ಆಗದು; ಯಾರನ್ನು ಬೈಯುವುದೆಂದು ನೋಡುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲೇ ಒಬ್ಬ ಯುವಕ ಜಗಲಿಯ ಮೇಲೆ ಕುಳಿತು ಮೀನಖಂಡಕ್ಕೆ ಎಣ್ಣೆ ತಿಕ್ಕಿಕೊಳ್ಳತೊಡಗಿದ. ಕರ್ಪೂರ ಹಾಕಿ ಕಾಯಿಸಿದ ತೆಂಗಿನೆಣ್ಣೆ. ಈ ಕಾಲದಲ್ಲೂ ಅದನ್ನು ಯಾರು ಕಾಯಿಸಿಕೊಟ್ಟರೋ. ಆ ವಾಸನೆ ಮೂಗಿಗೆ ಬಡಿದದ್ದೇ ಬೈಗುಳ ಬಾಯಲ್ಲೇ ಉಳಿಯಿತು. ನಮ್ಮ ಮನೆಯ ಹಿಂದಿನ ಒಲೆ, ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎಣ್ಣೆ ಕಾಯಿಸುತ್ತಿದ್ದ ಗಿರಿಜ ಚಿಕ್ಕಮ್ಮ, ಬಿಸಿಯಾಯಿತಾ ಎಂದು ನೋಡಲು ತನ್ನ ಮುಂಗೈಗೇ ಒಂದು ಹನಿ ಬಿಟ್ಟುಕೊಳ್ಳುತ್ತಿದ್ದದ್ದು, ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಮದುವೆಗೆ ತಡವಾಗಿ ಮುಟ್ಟಿದೆ. ಊಟ ಸೇರಲಿಲ್ಲ.

ನಮ್ಮ ಮನೆ ಸಿದ್ಧಕಟ್ಟೆ ದಾಟಿ ಮೂಡುಬಿದಿರೆ ಕಡೆಗೆ ಹೋಗುವ ರಸ್ತೆಯ ಬದಿಯಲ್ಲೇ ಇತ್ತು. ಇತ್ತು ಎಂದೇ ಹೇಳಬೇಕು; ಪಾಲಾಗುವಾಗ ಮನೆ ಹೋಯಿತು, ರಸ್ತೆ ಅಗಲವಾಗುವಾಗ ಅಂಗಳ ಹೋಯಿತು, ಈಗ ಅಲ್ಲಿ ಟಯರಿನ ಅಂಗಡಿ ಉಂಟು. ನನ್ನ ಬಾಲ್ಯದಲ್ಲಿ ಆ ಚಾವಡಿಯ ಕೆಂಪು ನೆಲ ಮಧ್ಯಾಹ್ನದ ಸೆಕೆಯಲ್ಲೂ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು, ಹೊಸ ಹುಲ್ಲಿನ ರಾಶಿಯ ವಾಸನೆ ಒಳಗಿನ ಕೋಣೆಯ ತನಕ ಬರುತ್ತಿತ್ತು. ನನ್ನನ್ನು ಹೆತ್ತ ಅಮ್ಮ ನನಗೆ ನಡೆಯಲು ಬರುವ ಮೊದಲೇ ಹೋಗಿದ್ದಳು. ಎತ್ತಿ ಆಡಿಸಿದ್ದು, ಬೈದದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು ಅಮ್ಮನ ತಂಗಿ ಗಿರಿಜ ಚಿಕ್ಕಮ್ಮ. ಸೋದರಮಾವ ಬೊಂಬಾಯಿಯಲ್ಲಿ ಹೋಟೆಲು ಇಟ್ಟು ಅಲ್ಲೇ ನಿಂತದ್ದರಿಂದ ಮನೆಯ ಯಜಮಾನಿಕೆ ಅಜ್ಜಿಯದು. ನಮ್ಮಲ್ಲಿ ಆಗ ಮದುವೆಯಾದ ಹೆಣ್ಣುಮಕ್ಕಳು ಹೆಚ್ಚಾಗಿ ತಾಯಿಮನೆಯಲ್ಲೇ ಇರುವುದು, ಗಂಡ ಬಂದು ಹೋಗುವುದು, ಮಕ್ಕಳು ತಾಯಿಮನೆಗೇ ಸೇರುವುದು. ಚಿಕ್ಕಮ್ಮನ ಗಂಡ ಶೀನ ಚಿಕ್ಕಪ್ಪ ಬೆಳುವಾಯಿಯವರು. ಬರುವಾಗ ನನಗೆ ಕಡಲೆ ಮಿಠಾಯಿ ತರುತ್ತಿದ್ದರು. ಅಜ್ಜಿ ಅವರ ಹೆಸರು ಹೇಳುತ್ತಿರಲಿಲ್ಲ; ಮಗಳ ಗಂಡನಿಗೆ ಮರ್ಯಾದೆ ಕೊಟ್ಟು ‘ಬೆಳುವಾಯಿಯವರು’ ಎನ್ನುತ್ತಿದ್ದಳು.

ಓಟ ಶುರುವಾದದ್ದು ಬಂಟ್ವಾಳ ಪೇಟೆಯ ಕೆಲವು ಯುವಕರ ಮತ್ತು ಒಬ್ಬ ಡ್ರಿಲ್ ಮಾಸ್ಟ್ರ ಹುಚ್ಚಿನಿಂದ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಪೇಪರಿನಲ್ಲಿ ಎಲ್ಲಿಯದೋ ಮ್ಯಾರಥಾನಿನ ಸುದ್ದಿ ಓದಿದ ಮಾಸ್ಟ್ರು, “ನಮ್ಮವರು ಸಂತೆಗೆ ನಡೆಯುವಷ್ಟು ದೂರವನ್ನು ಅವರು ಓಡಿ ಕಪ್ಪು ತೆಗೆದುಕೊಳ್ತಾರೆ ಮಾರಾಯ್ರೆ, ನಾವೂ ಓಡಿಸುವ,” ಎಂದರಂತೆ. ಬಂಟ್ವಾಳ ಪೇಟೆಯಿಂದ ಮೂಡುಬಿದಿರೆಯ ಬಸದಿ ಬೀದಿಯ ತನಕ, ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು ಚಳಿ ಬೀಳುವ ಹೊತ್ತಿಗೆ, ವರ್ಷಕ್ಕೊಮ್ಮೆ. ದೂರವನ್ನು ಅಳೆದದ್ದು ಮೈಲಿಗಲ್ಲು ನಂಬಿ. ಮೊದಲ ವರ್ಷ ಎಲ್ಲರೂ ಬರಿಗಾಲು, ಮುಂಡನ್ನೇ ಎತ್ತಿ ಕಚ್ಚೆ ಬಿಗಿದು ಓಡಿದವರು. ಮುಂದೆ ಒಬ್ಬ ಸೈಕಲ್ಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು “ದಾರಿ, ದಾರಿ” ಎಂದು ಕೂಗುತ್ತಾ ಹೋಗುವುದು. ಎದುರು ಬಂದ ಬಸ್ಸು ಬದಿಗೆ ನಿಂತರೆ ಪ್ರಯಾಣಿಕರೆಲ್ಲ ಇಳಿದು ನೋಡುವುದು. ಆ ದಿನ ನಮ್ಮ ಊರಿನಲ್ಲಿ ಯಾರೂ ಗದ್ದೆಗೆ ಇಳಿಯುತ್ತಿರಲಿಲ್ಲ.

ಮೊದಲ ಓಟದಲ್ಲಿ ನಮ್ಮ ಮನೆ ಹತ್ತಿರವಾಗುವಾಗ ಎಲ್ಲರಿಗಿಂತ ಮುಂದಿದ್ದವರು ಶೀನ ಚಿಕ್ಕಪ್ಪ. ಅಜ್ಜಿ ದಣಪೆಯ ಬಳಿ ನಿಂತಿದ್ದಳು. ಎರಡು ಕಲ್ಲುಕಂಬ, ಅವುಗಳ ತೂತಿಗೆ ಅಡ್ಡ ತೂರಿಸುವ ಬಿದಿರುಗಳು, ಅದೇ ನಮ್ಮ ಮನೆಯ ದಣಪೆ. ಬಿದಿರು ಸರಿಸಿ ಅಜ್ಜಿ, “ಬನ್ನಿ, ಆಸರಿಗೆ ಕುಡಿದು ಹೋಗುವ,” ಎಂದಳು. ಹೆಂಡತಿಯ ಮನೆಯ ಮುಂದೆ ಹಾದು ಒಳಗೆ ಬರದೆ ಹೋದರೆ ಆ ಮನೆಯನ್ನು ಬಿಟ್ಟ ಹಾಗೆ ಎಂದು ನಮ್ಮಲ್ಲಿ ಲೆಕ್ಕ. ಚಿಕ್ಕಪ್ಪ ನಿಂತರು. ಒಳಗೆ ಬಂದು ಕಾಲು ತೊಳೆದರು, ಚಾವಡಿಯಲ್ಲಿ ಕುಳಿತರು, ಬೆಲ್ಲ ತಿಂದು ನೀರು ಕುಡಿದರು. ಬಂದವರನ್ನು ಎಲೆಯಡಿಕೆ ಕೊಡದೆ ಕಳಿಸುವ ಪದ್ಧತಿ ಇಲ್ಲ, ಅದೂ ಆಯಿತು. ಹೊರಗೆ ಒಬ್ಬೊಬ್ಬರೇ ಓಡಿಹೋಗುವುದು ಕಾಣುತ್ತಿತ್ತು. ಚಿಕ್ಕಮ್ಮ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದಳು, ನಗು ತಡೆಯಲೋ ಅಳು ತಡೆಯಲೋ ನನಗೆ ಗೊತ್ತಾಗಲಿಲ್ಲ.

ಆಮೇಲೆ ವರ್ಷವಿಡೀ ಅದೇ ತಮಾಷೆ. ಕೋಳಿ ಅಂಕದಲ್ಲಿ, ಮೂಡುಬಿದಿರೆಯ ಹೋಟೆಲಿನಲ್ಲಿ, ಅವರನ್ನು ಕಂಡರೆ ಸಾಕು, “ಏನು ಶೀನಣ್ಣ, ಈ ಸಲ ಅತ್ತೆಯವರು ಕೋಳಿ ಕೊಯ್ಯುತ್ತಾರಂತಲ್ಲ, ಉಂಡು ಮಲಗಿ ನಾಳೆ ಬರುವುದಾ?” ಎನ್ನುವುದು. ಮೊದಲು ಅವರೂ ನಕ್ಕರು. ಮಳೆಗಾಲ ಮುಗಿಯುವ ಹೊತ್ತಿಗೆ ನಗುವುದನ್ನು ಬಿಟ್ಟರು. ಎರಡನೆಯ ವರ್ಷದ ಓಟಕ್ಕೆ ಮುಂಚೆ ಬಂದು ಚಿಕ್ಕಮ್ಮನಲ್ಲಿ, “ಅಮ್ಮನವರಿಗೆ ಹೇಳು, ಆ ಒಂದು ದಿನ ದಣಪೆಯ ಹತ್ತಿರ ನಿಲ್ಲುವುದು ಬೇಡ. ಸಂಜೆ ನಾನೇ ಬರ್ತೇನೆ,” ಎಂದರು. ಚಿಕ್ಕಮ್ಮ ಹೇಳಿದಳು. ಅಜ್ಜಿ ಅಡಿಕೆ ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ನನ್ನ ದಣಪೆಯಲ್ಲಿ ನಾನು ನಿಲ್ಲುವುದಕ್ಕೆ ಬೆಳುವಾಯಿಯ ಅಪ್ಪಣೆ ಬೇಕಾ?” ಎಂದಳು.

ನಿಂತಳು. ಚಿಕ್ಕಪ್ಪ ಬಂದರು, ಈ ಸಲವೂ ಎಲ್ಲರಿಗಿಂತ ಮುಂದೆ. “ಬನ್ನಿ,” ಎಂದಳು ಅಜ್ಜಿ. ಅವರು ಓಡುತ್ತಲೇ ಎರಡೂ ಕೈ ಜೋಡಿಸಿದರು, ತಲೆ ಬಗ್ಗಿಸಿದರು, ನಿಲ್ಲದೆ ಹೋದರು. ಬದಿಯಲ್ಲಿ ನಿಂತಿದ್ದ ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಕಪ್ಪು ಅವರಿಗೇ ಬಂತು. ಸಂಜೆ ಅದನ್ನು ಹೆಗಲ ಬೈರಾಸಿನಲ್ಲಿ ಸುತ್ತಿಕೊಂಡು ನೇರ ನಮ್ಮಲ್ಲಿಗೇ ಬಂದರು, ತಮ್ಮ ಮನೆಗೂ ಹೋಗದೆ. ಬಿದಿರುಗಳನ್ನೆಲ್ಲ ಅಡ್ಡ ತೂರಿಸಿ ದಣಪೆ ಮುಚ್ಚಿತ್ತು. ಅಜ್ಜಿ ಚಾವಡಿಯಿಂದಲೇ, “ಬೆಳಿಗ್ಗೆ ಊರ ಎದುರು ದಾಟಿ ಹೋದವರಿಗೆ ಸಂಜೆ ಕತ್ತಲೆಗೆ ಯಾಕೆ ಈ ಮನೆ?” ಎಂದಳು. ಚಿಕ್ಕಪ್ಪ ಬೈರಾಸಿನ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಆಮೇಲೆ, “ಗಿರಿಜ, ನೀನು ಬಾ, ಹೋಗುವ,” ಎಂದರು. ಚಿಕ್ಕಮ್ಮ ಅಂಗಳಕ್ಕೆ ಇಳಿದಿದ್ದಳು. “ಹೋಗುವುದಾದರೆ ಹೋಗು, ಕೈಕಾಲು ಕಟ್ಟಿಹಾಕುವವಳು ನಾನಲ್ಲ,” ಎಂದಳು ಅಜ್ಜಿ, “ಆದರೆ ಈ ಮಗು ಈ ಮನೆಯದ್ದು. ಇಲ್ಲಿಯೇ ಇರ್ತದೆ.” ನಾನು ಚಿಕ್ಕಮ್ಮನ ಸೀರೆ ಹಿಡಿದುಕೊಂಡಿದ್ದೆ. ಅವಳು ನನ್ನನ್ನು ನೋಡಿದಳು, ದಣಪೆಯನ್ನು ನೋಡಿದಳು. ಆ ನೋಟವನ್ನು ಇಷ್ಟು ವರ್ಷವಾದರೂ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ನನ್ನನ್ನು ಎತ್ತಿಕೊಂಡು ಒಳಗೆ ಹೋದಳು.

ಓಟ ವರ್ಷವೂ ನಡೆಯಿತು, ಬೆಳೆಯಿತು. ಬೆಳ್ತಂಗಡಿ, ಚಾರ್ಮಾಡಿ ಕಡೆಯಿಂದಲೂ ಓಡುವವರು ಬಂದರು. ಕಚ್ಚೆ ಹೋಗಿ ಖಾಕಿ ಚಡ್ಡಿ ಬಂತು, ಕೆಲವರ ಕಾಲಿಗೆ ಕ್ಯಾನ್ವಾಸ್ ಬೂಟು ಬಂತು, ಬೆನ್ನಿಗೆ ನಂಬರಿನ ಬಟ್ಟೆ ಬಂತು. ಓಟದ ದಿನ ನಮ್ಮ ದಣಪೆಯಲ್ಲಿ ಎಲ್ಲರಿಗೂ ಬೆಲ್ಲ ನೀರು. ಕಾಲು ಹಿಡಿದುಕೊಂಡವರಿಗೆ ಹಚ್ಚಲು ಚಿಕ್ಕಮ್ಮನ ಎಣ್ಣೆ. ಶೀನ ಚಿಕ್ಕಪ್ಪ ಒಂದು ವರ್ಷವೂ ತಪ್ಪಿಸಲಿಲ್ಲ. ಮತ್ತೆ ಗೆಲ್ಲಲೂ ಇಲ್ಲ. ನಮ್ಮ ಮನೆಯ ಮುಂದೆ ಬಂದಾಗ ಅವರ ಓಟ ತನ್ನಷ್ಟಕ್ಕೆ ನಡಿಗೆಯಾಗುತ್ತಿತ್ತು. ಚಿಕ್ಕಮ್ಮ ಕಂಬದ ಒಳಬದಿಯಲ್ಲಿ ನಿಲ್ಲುತ್ತಿದ್ದಳು, ಅವರು ರಸ್ತೆಯಲ್ಲಿ. ಗಂಡಹೆಂಡಿರು ಮುಖ ನೋಡಿಕೊಳ್ಳಲು ವರ್ಷಕ್ಕೆ ಸಿಗುತ್ತಿದ್ದದ್ದು ಅಷ್ಟು ಹೊತ್ತು. ಅಜ್ಜಿಯ ಸಿಟ್ಟು ಇಳಿದಿತ್ತು, ಅದು ನನಗೆ ಗೊತ್ತು. ಆ ದಿನ ಬೆಳಕು ಹರಿಯುವ ಮೊದಲೇ ಬಿದಿರುಗಳನ್ನೆಲ್ಲ ತಾನೇ ಎಳೆದು ಬದಿಗಿಡುತ್ತಿದ್ದಳು. ಆದರೆ ಬಾಯಿಬಿಟ್ಟು ಕರೆಯುತ್ತಿರಲಿಲ್ಲ. ಒಮ್ಮೆ ಕರೆದದ್ದನ್ನು ತಳ್ಳಿ ಹೋದವನು ತಾನಾಗಿ ಬರಲಿ ಎಂಬುದು ಅವಳ ವಾದ. ಒಮ್ಮೆ ಹೊರಗೆ ನಿಲ್ಲಿಸಿದ ಮನೆಗೆ ಕರೆಯದೆ ಹೇಗೆ ಹೋಗುವುದು ಎಂಬುದು ಚಿಕ್ಕಪ್ಪನದ್ದು. ದಣಪೆ ಬಾಯಿ ತೆರೆದು ಬಿದ್ದಿರುತ್ತಿತ್ತು, ಇಬ್ಬರ ಹಠವೂ ಅದರ ಎರಡು ಬದಿಯಲ್ಲಿ. ಇಬ್ಬರ ಮರ್ಯಾದೆಗೂ ಬೆಂಕಿ ಬೀಳಲಿ ಎನ್ನಬೇಕು. ನಡುವೆ ಸುಟ್ಟುಹೋದದ್ದು ನನ್ನ ಚಿಕ್ಕಮ್ಮ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಓಟ ಸೊರಗಿತು. ಡ್ರಿಲ್ ಮಾಸ್ಟ್ರಿಗೆ ವರ್ಗವಾಯಿತು, ಯುವಕರಲ್ಲಿ ಅರ್ಧದಷ್ಟು ಮಂದಿ ಬೊಂಬಾಯಿ ಹಿಡಿದರು, ಡಾಮರು ಬಿದ್ದ ರಸ್ತೆಯಲ್ಲಿ ಲಾರಿಗಳು ಯಾರಿಗೂ ನಿಲ್ಲಲಿಲ್ಲ. ಕೊನೆಯ ಓಟದಲ್ಲಿ ಚಿಕ್ಕಪ್ಪ ಎಲ್ಲರಿಗಿಂತ ಹಿಂದೆ, ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಅವತ್ತು ಚಿಕ್ಕಮ್ಮ ದಣಪೆ ದಾಟಿ ರಸ್ತೆಗೆ ಇಳಿದಳು. “ಬರುವ ವರ್ಷ ಇಲ್ಲವಂತೆ,” ಎಂದಳು. “ಹೌದಂತೆ,” ಎಂದರು ಅವರು. ಮೊಣಕಾಲಿನ ಕೆಳಗೆ ಪೆಟ್ಟಾಗಿ ರಕ್ತ ಬರುತ್ತಿತ್ತು. ಅವಳು ಬಗ್ಗಿ ಸೆರಗಿನಿಂದಲೇ ಒರೆಸಿದಳು. ಚಿಕ್ಕಪ್ಪ ಅವಳ ತಲೆಯ ಮೇಲಿನಿಂದ ಚಾವಡಿಯ ಕಡೆಗೆ ನೋಡುತ್ತಾ ನಿಂತರು. ಅಜ್ಜಿ ಅಲ್ಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ತುಟಿ ಅಲುಗಿದ್ದನ್ನು ನಾನು ಕಂಡೆ. ಮಾತು ಹೊರಗೆ ಬರಲಿಲ್ಲ. ಚಿಕ್ಕಪ್ಪ ಕುಂಟುತ್ತಾ ಹೋದರು.

ಮರುವರ್ಷ ಕೊಯ್ಲಿನ ಹೊತ್ತಿಗೆ ಚಿಕ್ಕಪ್ಪ ತೀರಿಕೊಂಡ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ತಂದ. ಜ್ವರವಂತೆ, ನಾಲ್ಕು ದಿನದ್ದು. ನಮ್ಮಲ್ಲಿ ಸಾವಿನ ಮನೆಗೆ ಕರೆ ಇಲ್ಲ, ಸುದ್ದಿ ಬಂದರೆ ಹೋಗುವುದು. ಹೋದವರನ್ನು ಯಾರೂ ‘ಬನ್ನಿ’ ಎನ್ನುವುದಿಲ್ಲ, ಹೊರಡುವಾಗ ‘ಬರುತ್ತೇವೆ’ ಎಂದು ನಾವೂ ಹೇಳುವುದಿಲ್ಲ; ಹೇಳಿದರೆ ಸಾವನ್ನು ಮತ್ತೆ ಕರೆದ ಹಾಗೆ. ಅಜ್ಜಿ ಸೀರೆ ಬದಲಿಸಿ ಎಲ್ಲರಿಗಿಂತ ಮೊದಲು ರಸ್ತೆಗೆ ಬಂದು ನಿಂತಿದ್ದಳು. ಬೆಳುವಾಯಿಯಲ್ಲಿ ಅಂಗಳ ತುಂಬಾ ಜನ. ಚಿಕ್ಕಪ್ಪನನ್ನು ಬಾಳೆಲೆಯ ಮೇಲೆ ಮಲಗಿಸಿದ್ದರು. ಚಿಕ್ಕಮ್ಮ ಅಳಲಿಲ್ಲ, ಕಾಲಿನ ಹತ್ತಿರ ಕುಳಿತಳು. ಅಜ್ಜಿ ಜನರನ್ನು ಸರಿಸಿಕೊಂಡು ತಲೆಯ ಬದಿಗೆ ಹೋದಳು, ನೆಲಕ್ಕೆ ಕೈ ಊರಿ ಕಷ್ಟದಲ್ಲಿ ಕುಳಿತಳು.

“ಬೆಳುವಾಯಿಯವರೇ,” ಎಂದಳು. ಸ್ವರ ದೊಡ್ಡದಾಗಿಯೇ ಇತ್ತು. “ಬನ್ನಿ. ಮನೆಗೆ ಬನ್ನಿ.”

ಆ ಮಾತು ಆಡಬಾರದ ಜಾಗ ಅದು. ಚಿಕ್ಕಪ್ಪನ ಅಕ್ಕ ಹೆದರಿ ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು, ಯಾರೋ ಸುಮ್ಮನಿರಿ ಎಂದರು. ಅಜ್ಜಿಗೆ ಅದು ಯಾವುದೂ ಕೇಳಿಸಿದ ಹಾಗೆ ಕಾಣಲಿಲ್ಲ, ಮತ್ತೆ ಅದನ್ನೇ ಹೇಳಿದಳು. ಚಿಕ್ಕಮ್ಮ ಎದ್ದು ಬಂದು ಅವಳ ರಟ್ಟೆ ಹಿಡಿದಳು.

“ಸಾಕು ಅಮ್ಮ, ಏಳಿ,” ಎಂದಳು. “ಇನ್ನು ಅವರಿಗೆ ಬರಲಿಕ್ಕೆ ಆಗುವುದಿಲ್ಲ.”