ಬಾಣಂತಿಯ ಬಟ್ಟಲಲ್ಲಿ ಉಳಿದ ಎಣ್ಣೆ

ಅರವತ್ತೆರಡನೇ ಇಸವಿಯ ಶ್ರಾವಣ. ಮಧುಗಿರಿಯ ನಮ್ಮ ಮನೆಯಲ್ಲಿ ಆ ಬೆಳಿಗ್ಗೆಯೂ ಎಂದಿನಂತೆ ನಾನೇ ಹಂಡೆಗೆ ಉರಿ ಹಾಕಿ, ಹರಳೆಣ್ಣೆ ಬೆಚ್ಚಗೆ ಮಾಡಿಕೊಟ್ಟೆ. ಬಚ್ಚಲಮನೆಯಲ್ಲಿ ಅತ್ತೆ ನನ್ನ ವಾರಗಿತ್ತಿ ರತ್ನಳನ್ನು ಮಣೆಯ ಮೇಲೆ ಕೂರಿಸಿಕೊಂಡು ತಿಕ್ಕುತ್ತಿದ್ದರು. ತಾಯಿಯಿಲ್ಲದ ಹುಡುಗಿ, ಬಾಣಂತನ ನಮ್ಮಲ್ಲೇ. "ಹಾಲು ಗಂಟು ಕಟ್ಟಬಾರ್ದು ಕಣಮ್ಮ," ಎನ್ನುತ್ತ ಅತ್ತೆ ಅವಳ ಎದೆಯನ್ನು ಬೆರಳಿನಿಂದ ಸುತ್ತ ಸುತ್ತ ನೀವುತ್ತಿದ್ದರು. ನನಗೆ ಮದುವೆಯಾಗಿ ಒಂಬತ್ತು ವರ್ಷ. ಆ ಕೈ ಒಮ್ಮೆಯೂ ನನ್ನ ತಲೆಗೆ ಎಣ್ಣೆ ಒತ್ತಿರಲಿಲ್ಲ.

ಮಾರಮ್ಮ ತಾಯಿಯ ಭಕ್ತರಾದ ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ರತ್ನಳ ಸೀರೆಯ ಮೇಲೆ ಹಾಲಿನ ಕಲೆ ಕಂಡರೂ ನನಗೆ ಆಗುತ್ತಿರಲಿಲ್ಲ. ಆ ಸೀರೆ ಒಗೆಯುವವಳೂ ನಾನೇ. ಅವಳ ಹಾಲು ಬತ್ತಿದರೆ ಮಗು ನನ್ನ ಕೈಗೆ ಬಂದೀತು ಎಂದು ಒಂದು ದಿನ ಮನಸ್ಸಿನಲ್ಲಿ ಅಂದುಕೊಂಡೂ ಇದ್ದೆ.

ಅವಳು ಸಾಂಬ್ರಾಣಿ ಹೊಗೆ ಹಿಡಿಸಿಕೊಂಡು ಮಲಗಿದಳು. ಬಟ್ಟಲಲ್ಲಿ ಎಣ್ಣೆ ಉಳಿದಿತ್ತು. ನಾನು ಬಚ್ಚಲ ಬಾಗಿಲು ಹಾಕಿಕೊಂಡು, ಅದೇ ಮಣೆಯ ಮೇಲೆ ಕೂತು, ಅತ್ತೆ ಅವಳಿಗೆ ಮಾಡಿದಂತೆಯೇ ನನಗೆ ನಾನೇ ಸುತ್ತ ಸುತ್ತ ನೀವಿಕೊಂಡೆ. ಎಡಗಡೆ, ಕಂಕುಳಿನ ಹತ್ತಿರ, ಬೆರಳಿಗೆ ಏನೋ ತಡೆಯಿತು. ಅವರೆಕಾಳಿನಷ್ಟು. ಒತ್ತಿದರೆ ಜಾರಲಿಲ್ಲ, ನೋಯಲೂ ಇಲ್ಲ.

ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೊಟ್ಟೆಕಿಚ್ಚನ್ನು ಪಾಪಗಳ ಸಾಲಿನಲ್ಲಿ ಹೇಳಿಕೊಟ್ಟಿದ್ದರು. ಅವಳ ಎದೆಯ ಮೇಲೆ ಕಣ್ಣು ಹಾಕಿದ್ದಕ್ಕೆ ನನ್ನ ಎದೆಗೇ ಶಿಕ್ಷೆ ಬಂತು ಎಂದುಕೊಂಡೆ. ಯಾರಿಗೆ ತೋರಿಸಲಿ? ನಿನಗೇಕೆ ಬಾಣಂತಿ ಎಣ್ಣೆ ಎಂದು ಅತ್ತೆ ಕೇಳಿದರೆ ಏನೆನ್ನಲಿ? ದೇವರ ಗೂಡಿನ ಮುಂದೆ ಕೂತು ಮಾರಮ್ಮನನ್ನು ಬೇಡಿಕೊಂಡೆ: "ತಾಯಿ, ಇದು ನಿನ್ನ ಶಿಕ್ಷೆಯಾದರೆ ಬಾಯಿ ಮುಚ್ಚಿಕೊಂಡು ಅನುಭವಿಸುತ್ತೇನೆ. ಅಲ್ಲದಿದ್ದರೆ ಯಾರ ಬಾಯಿಂದಲಾದರೂ ಹೇಳಿಸು."

ತಾಯಿ ಹೇಳಿಸಿದಳು. ಮೂರನೇ ದಿನ ನಮ್ಮವರ ಜೊತೆ ಕೊರಟಗೆರೆ ಮೇಲಿನ ಬಸ್ಸಿನಲ್ಲಿ ತುಮಕೂರಿಗೆ, ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದೆ. ಕ್ಯಾನ್ಸರ್ ಎಂದರು. ಎಡ ಎದೆ ತೆಗೆದರು. "ಇಷ್ಟು ಚಿಕ್ಕದಿರುವಾಗ ಯಾರೂ ಬರೋದಿಲ್ಲ. ಹೇಗೆ ಗೊತ್ತಾಯ್ತಮ್ಮ?" ಎಂದು ಲೇಡಿ ಡಾಕ್ಟರು ಕೇಳಿದರು. ಎಣ್ಣೆ ಹಚ್ಚಿಕೊಳ್ಳುವಾಗ ಎಂದೆ. ಉಳಿದದ್ದು ಹೇಳಲಿಲ್ಲ.

ಗಾಯ ಮಾದು ಮನೆಗೆ ಬಂದ ಮೇಲೆ ಅತ್ತೆ ಮಣೆ ಹಾಕಿ ನನ್ನ ತಲೆಗೂ ಎಣ್ಣೆ ಒತ್ತಿದರು. ರತ್ನ ಬಾಗಿಲಲ್ಲಿ ನಿಂತಿದ್ದಳು. ನಿಂತು ನೋಡಲಿ ಅನ್ನಿಸಿದ್ದು ಸುಳ್ಳಲ್ಲ.

ಐದು ವರ್ಷವಾಯಿತು, ಬದುಕಿದ್ದೇನೆ. ಪ್ರತಿ ತಿಂಗಳು ಮುಟ್ಟು ಕಳೆದು ನೀರು ಹಾಕಿಕೊಂಡ ಮೇಲೆ, ಉಳಿದ ಎದೆಯನ್ನೂ ಹಳೆಯ ಗಾಯವನ್ನೂ ಕಂಕುಳನ್ನೂ ಬೆರಳಿನಿಂದ ನೋಡಿಕೊಳ್ಳುತ್ತೇನೆ. ರತ್ನಳಿಗೂ ಕಲಿಸಿದ್ದೇನೆ. ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ. ಅದನ್ನೂ ಒಂದು ಕೆಲಸಕ್ಕೆ ಹಚ್ಚಿದ ತಾಯಿಯನ್ನು ಈಗ ನಂಬಿರುವಷ್ಟು ಹಿಂದೆಂದೂ ನಂಬಿರಲಿಲ್ಲ.

ತಾಯಿ ಹೇಳಿಸಿದ್ದು ನಾನು ಬೇಡಿಕೊಂಡ ಅದೇ ದಿನ ಸಂಜೆ. ಪಕ್ಕದ ಮನೆಯ ಗಂಗಕ್ಕ ನಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಒಳಗೆ ರತ್ನ, ಎದೆ ಕಲ್ಲಾಗಿದೆ, ನೋಯುತ್ತಿದೆ ಎಂದು ಅತ್ತೆಯ ಹತ್ತಿರ ಗೋಳಾಡುತ್ತಿದ್ದಳು.

ಗಂಗಕ್ಕ ಸಿಪ್ಪೆ ಊದಿ, ನನ್ನ ಕಡೆ ನೋಡದೆಯೇ ಅಂದಳು: "ನೋಯೋದು ಹಾಲಿನ ಗಂಟು, ಮಗ ಕುಡುದ್ರೆ ಕರಗ್ತೈತೆ ಬುಡಮ್ಮ. ನಮ್ಮಕ್ಕಂಗಿದ್ದ ಗಂಟು ನೋಯ್ತಾನೇ ಇರ್ಲಿಲ್ಲ. ನೋಯಲ್ವಲ್ಲ ಅಂತ ಯಾರ್ಗೂ ತೋರಿಸ್ದೆ ಹೋಗ್ಬುಟ್ಳು."