ಹಬ್ಬದ ದಿನ ಹೋಟೆಲಿಗೆ ಹೊರಡುತ್ತಿದ್ದ ಅತ್ತೆ

ಈ ಸಲದ ಯುಗಾದಿಯ ಬೆಳಿಗ್ಗೆ ಬೇವಿನ ಹೂವು ತರಲು ಕಡೂರಿನ ಪೇಟೆ ಬೀದಿಗೆ ಹೋಗಿದ್ದೆ. ಹೂವು ಸಿಕ್ಕಿತು, ಬಾಳೆಲೆಯೂ ಸಿಕ್ಕಿತು. ತಿರುಗಿ ಬರುವಾಗ ಮೂಲೆಯ ಹೋಟೆಲಿನಿಂದ ದೋಸೆಯ ವಾಸನೆ ಬಂತು. ಬೆಣ್ಣೆ ಹಾಕಿ ಕೆಂಪಗೆ ಬೇಯಿಸಿದ ದೋಸೆ... ಬೇರೆಯವರಿಗಾದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಬಂದದ್ದು ಸಿಟ್ಟು. ಅತ್ತೆ ತೀರಿಕೊಂಡು ವರ್ಷಗಳೇ ಆದವು. ಆದರೂ ಹಬ್ಬದ ದಿನ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತದೆ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಅವಳನ್ನು ಯಗಟಿಗೆ ಕೊಟ್ಟಿದ್ದರು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಹೋದದ್ದರಿಂದ ತರೀಕೆರೆಯ ನಮ್ಮ ಮನೆಗೆ ಬಂದು ಉಳಿದುಬಿಟ್ಟಿದ್ದಳು. ನಾನು ಕಣ್ಣು ಬಿಟ್ಟಾಗಿನಿಂದ ನಮ್ಮ ಅಡುಗೆಮನೆ ಅವಳದೇ. ಸೊಸೆಯಾಗಿ ಬಂದ ಅಮ್ಮ ತರಕಾರಿ ಹೆಚ್ಚಿಕೊಟ್ಟು, ಕಾಯಿ ತುರಿದುಕೊಟ್ಟು ಈಚೆಗೆ ಬರಬೇಕು, ಅಷ್ಟೇ. ಅಪ್ಪ ತೆಂಗಿನಕಾಯಿ ಮಂಡಿ ಇಟ್ಟಿದ್ದ. ಹಬ್ಬ ಬಂತೆಂದರೆ ನೆಂಟರು, ಮಂಡಿಗೆ ಕಾಯಿ ಹಾಕುವ ಹಳ್ಳಿಯವರು, ಮಠದ ಅಯ್ಯನವರು ಎಲ್ಲರಿಗೂ ನಮ್ಮ ಮನೆಯಲ್ಲೇ ಊಟ. ಅತ್ತೆ ಮಾಡಿದ ಹೋಳಿಗೆಯನ್ನು ಹರಿಯಬೇಕಾಗಿರಲಿಲ್ಲ, ತುಪ್ಪ ಬಿದ್ದ ಕಡೆ ತಾನೇ ಬಿಟ್ಟುಕೊಳ್ಳುತ್ತಿತ್ತು. ಹೋಳಿಗೆ ಸಾರನ್ನು ಲೋಟದಲ್ಲಿ ಇಸಿದುಕೊಂಡು ಕುಡಿಯುವವರಿದ್ದರು.

ಇಷ್ಟೆಲ್ಲ ಮಾಡುತ್ತಿದ್ದವಳು ಅದನ್ನು ತಿನ್ನುತ್ತಿರಲಿಲ್ಲ!

ಕೊನೆಯ ಹೋಳಿಗೆ ಹಂಚಿನಿಂದ ಇಳಿಯುತ್ತಲೇ ಮುಖ ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಬೇರೆ ಸೀರೆ ಉಟ್ಟು, ಲೈಬ್ರರಿಯಿಂದ ತಂದ ಕಾದಂಬರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಡುತ್ತಿದ್ದಳು. ಎಲ್ಲಿಗೆ? ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ, ಮಸಾಲೆ ದೋಸೆ ತಿನ್ನಲು. ಅದೂ ಹಿತ್ತಲ ಬಾಗಿಲಿನಿಂದಲ್ಲ, ಪಡಸಾಲೆಯಲ್ಲಿ ಕೂತ ಅಷ್ಟೂ ಜನರ ಮುಂದೆ ಹಾದು. "ಹಿತ್ಲಿಂದಾದ್ರೂ ಹೋಗಕ್ಕ, ನಿನ್ ಕಾಲಿಗೆ ಬೀಳ್ತೀನಿ" ಎಂದು ಅಪ್ಪ ಬೇಡಿಕೊಂಡದ್ದನ್ನು ನಾನೇ ಕೇಳಿದ್ದೇನೆ. "ಹಿತ್ಲಾಗೆ ಕೊಚ್ಚೆ ಐತೆ ಕಣೋ, ಸೀರೆ ಹಾಳಾಯ್ತದೆ" ಎಂದು ಅವಳು ಚಪ್ಪಲಿ ಮೆಟ್ಟಿ ನಡೆದಳು.

ಹೋಟೆಲಿನಲ್ಲಿ ಹೆಂಗಸರಿಗೆಂದು ಪರದೆ ಹಾಕಿದ ಫ್ಯಾಮಿಲಿ ರೂಮು ಇತ್ತು. ಅದರೊಳಗೂ ಕೂರುತ್ತಿರಲಿಲ್ಲ. ಕತ್ತಲೆಯಲ್ಲಿ ಓದಲಾಗುವುದಿಲ್ಲವಂತೆ. ರಸ್ತೆಗೆ ಕಾಣುವ ಕಿಟಕಿಯ ಪಕ್ಕದ ಟೇಬಲ್ಲೇ ಆಗಬೇಕು. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ದೋಸೆ. ತುತ್ತು ಬಾಯಿಗೆ ಹೋಗುವ ಮುಂಚೆ ಅರ್ಧ ಪುಟ ಮುಗಿಯಬೇಕು. ಮನೆಯಲ್ಲಿ ಬಡಿಸುವವರಿಲ್ಲದೆ ಅಮ್ಮ ಒದ್ದಾಡುತ್ತಿದ್ದಳು. ಕರೆತರಲು ನನ್ನನ್ನೇ ಓಡಿಸುತ್ತಿದ್ದರು. "ಬತ್ತೀನಿ ಹೋಗೇ, ಇಲ್ಲೊಬ್ಳು ಬಾವಿ ಹತ್ರ ನಿಂತವ್ಳೆ, ಬೀಳ್ತಾಳೋ ಇಲ್ವೋ ನೋಡ್ಕಂಡು ಬತ್ತೀನಿ" ಎನ್ನುತ್ತಿದ್ದಳು, ಪುಸ್ತಕದಿಂದ ತಲೆ ಎತ್ತದೆ.

ಏಕೆ ಹೀಗೆ ಮಾಡುತ್ತೀ ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಉತ್ತರ. ಅಮ್ಮನಿಗೆ, "ವಾಸ್ನೆ ಕುಡ್ದೇ ಹೊಟ್ಟೆ ತುಂಬೋಗೈತೆ" ಎಂದಳು. ನನಗೆ, "ನಂಗೆ ಹೋಳಿಗೆ ಸೇರಲ್ಲ ಕಣೇ" ಎಂದಳು. ಹೋಳಿಗೆ ಸೇರದವಳು ಮಾರನೆಯ ದಿನ ತಂಗಳು ಹೋಳಿಗೆಯನ್ನು ಹಾಲಿನಲ್ಲಿ ಅದ್ದಿ ತಿನ್ನುವುದನ್ನು ನೋಡಿ ಕೇಳಿದ್ದಕ್ಕೆ, "ಅದು ನಿನ್ನೇದು, ಇವತ್ತು ಸೇರ್ತೈತೆ" ಎಂದಳು. ಇಂಥವಳ ಹತ್ತಿರ ಏನು ಮಾತಾಡುವುದು?

ಇದನ್ನೆಲ್ಲ ಹೇಗೋ ಸಹಿಸಿಕೊಂಡು ಹೋಗುತ್ತಿದ್ದೆವು. ನನ್ನ ಸಂಬಂಧದ ಮಾತು ಬಂದ ವರ್ಷ ಮಾತ್ರ ಎಲ್ಲ ಕೆಟ್ಟಿತು. ಹುಡುಗ ಅಜ್ಜಂಪುರದವನು. ನೋಡಿ ಹೋಗಿದ್ದ, ನನಗೂ ಹಿಡಿಸಿದ್ದ. ಹೆಣ್ಣು ನೋಡಲು ಬಂದವರು ಸಾಮಾನ್ಯವಾಗಿ ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಕೇಳುತ್ತಾರೆ. ಅವನು ಈಗ ಯಾವ ಕಾದಂಬರಿ ಓದುತ್ತಿದ್ದೀರಿ ಎಂದು ಕೇಳಿದ್ದ... ಯುಗಾದಿಯ ದಿನವೇ ಒಳ್ಳೆಯದೆಂದು ಹಿರಿಯರೆಲ್ಲ ಸೇರಿ ಮಾತು ಮುಗಿಸುವುದೆಂದೂ, ಅವರೆಲ್ಲ ನಮ್ಮಲ್ಲೇ ಹೋಳಿಗೆ ಊಟ ಮಾಡುವುದೆಂದೂ ನಿಶ್ಚಯವಾಯಿತು.

ಹಿಂದಿನ ದಿನವೇ ಅಪ್ಪ ಅಡುಗೆಮನೆಯ ಹೊಸಿಲ ಮೇಲೆ ಬಂದು ಕೂತ. "ಅಕ್ಕ, ನಾಳೆ ಒಂದಿನ ಮನೇಲಿರು. ಮಗೀನ ವಿಚಾರ."

"ನೋಡಾಣ" ಎಂದಳು ಅತ್ತೆ, ಬೇಳೆ ಆರಿಸುತ್ತ.

"ನೋಡಾಣ ಅಲ್ಲ, ಇರ್ತೀನಿ ಅನ್ನು."

"ನೋಡಾಣ ಅಂದ್ನಲ್ಲೋ."

ಗಂಡಿನ ಕಡೆಯವರು ಬರುವುದು ತಡವಾಯಿತು. ಅತ್ತೆ ತನ್ನ ಕೆಲಸ ಮುಗಿಸಿದಳು. ಹೋಳಿಗೆ ಜೋಡಿಸಿಟ್ಟು, ಮೇಲೆ ಬಿಳಿ ಬಟ್ಟೆ ಮುಚ್ಚಿ, ಕೋಸಂಬರಿಗೆ ಒಗ್ಗರಣೆ ಕೊಟ್ಟಳು. ಅಮ್ಮ ನನಗೆ ಜಡೆ ಹಾಕುತ್ತಿದ್ದಳು. ಹೊರಗೆ ಜೀಪಿನ ಸದ್ದಾಗಿ ಎಲ್ಲರೂ ಬಾಗಿಲಿಗೆ ಓಡಿದೆವು. ಎಲೆ ಹಾಕುವ ಹೊತ್ತಿಗೆ ನೋಡಿದರೆ ಅತ್ತೆಯೂ ಇಲ್ಲ, ಕಾದಂಬರಿಯೂ ಇಲ್ಲ. ಜೀಪು ಬರುವ ಮುಂಚೆಯೇ ಹೊರಟುಹೋಗಿದ್ದಳು.

ಗಂಡಿನ ತಾಯಿ ದೊಡ್ಡ ಕುಂಕುಮದ, ಗಟ್ಟಿ ದನಿಯ ಹೆಂಗಸು. ಮೊದಲ ಹೋಳಿಗೆ ಬಾಯಿಗಿಡುತ್ತಲೇ, "ಯಾರ್ರೀ ಮಾಡಿದ್ದು ಇದು? ಕರೀರಿ, ನೋಡಾಣ" ಎಂದರು.

"ನಮ್ಮಕ್ಕ ಕಣ್ರೀ" ಎಂದ ಅಪ್ಪ. ಅಷ್ಟಕ್ಕೆ ನಿಲ್ಲಿಸಬಾರದೇ? "ಬೆಳಿಗ್ಗೆಯಿಂದ ಒಲೆ ಮುಂದೆ ಇದ್ದು ತಲೆನೋವು ಬಂದೈತೆ. ಮಲಗವ್ರೆ" ಎಂದುಬಿಟ್ಟ.

"ಪಾಪ, ಮಲಗ್ಲಿ ಬಿಡಿ. ಕೈಯಲ್ಲಿ ಏನೋ ಐತೆ ಅವ್ರಿಗೆ" ಎಂದು ಅವರು ಇನ್ನೊಂದು ಹಾಕಿಸಿಕೊಂಡರು. ಆಮೇಲೆ ಪಕ್ಕದವರ ಕಡೆ ತಿರುಗಿ, "ಹೂ ತಗಳಾಕೆ ಬಸ್ ಸ್ಟ್ಯಾಂಡ್ ಹತ್ರ ಜೀಪು ನಿಲ್ಸಿದ್ವಲ್ಲ, ನೀರು ಕುಡಿಯಾಣ ಅಂತ ಹೋಟ್ಲೊಳಕ್ಕೆ ಹೋದೆ. ಒಬ್ಬ ಹೆಂಗ್ಸು ಒಬ್ಳೇ ಕೂತ್ಕಂಡು ದೋಸೆ ತಿಂತಾ ಪುಸ್ತಕ ಓದ್ತವ್ಳೆ! ಯುಗಾದಿ ದಿನ! ಮನೇಲಿ ಹೇಳೋರು ಕೇಳೋರು ಯಾರೂ ಇಲ್ವೇನೋ ಅಂತ ಹೊಟ್ಟೆ ಚುರುಕ್ ಅಂತು ಕಣ್ರೀ" ಎಂದರು.

ಅಪ್ಪ ತುಪ್ಪದ ಗಿಂಡಿ ಹಿಡಿದು ನಿಂತಲ್ಲೇ ನಿಂತ. ಅಮ್ಮ ನನ್ನ ಕೈ ಹಿಸುಕಿದಳು. ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಒಳಗೆ ಬಂದ ಅತ್ತೆ ಪಂಕ್ತಿಯನ್ನೆಲ್ಲ ಒಮ್ಮೆ ನೋಡಿದಳು. ಗಂಡಿನ ತಾಯಿಯ ಮುಖ ಕಂಡು ನಗುತ್ತ ಹತ್ತಿರವೇ ಬಂದಳು.

"ನೀವೇ ಅಲ್ವಾ ನೀರು ಕೇಳಿದ್ದು? ಅಯ್ಯೋ, ಅಲ್ಲಿ ಕಾಫಿ ಕುಡೀಬೇಕಿತ್ತು ಕಣ್ರೀ, ಬಲೇ ಚೆನ್ನಾಗಿರ್ತೈತೆ. ಹೋಳಿಗೆ ಮೆತ್ಗೆ ಬಂದಿತ್ತಾ?"

ಗಂಡಿನ ತಾಯಿ ಎಲೆಯಲ್ಲಿದ್ದ ಹೋಳಿಗೆಯನ್ನು ಪೂರ್ತಿ ತಿಂದು, ಮಜ್ಜಿಗೆ ಕುಡಿದು, ಕೈ ತೊಳೆದು, ಬಹಳ ಮರ್ಯಾದೆಯಿಂದ ಹೋಗಿಬರುತ್ತೇವೆ ಎಂದರು. ಮಾತು ಮುಗಿಸಲು ಬಂದವರು ಮಾತೇ ಎತ್ತಲಿಲ್ಲ. ಹುಡುಗ ಜೀಪು ಹತ್ತುವ ಮುಂಚೆ ತಿರುಗಿ ಒಮ್ಮೆ ನೋಡಿದ... ಅಷ್ಟೇ. ವಾರ ಕಳೆಯುವುದರೊಳಗೆ, ಹಬ್ಬದ ದಿನ ಮನೆಯ ಅನ್ನ ಬಿಟ್ಟು ಬೀದಿಯಲ್ಲಿ ತಿನ್ನುವವರ ಕೈಯಲ್ಲಿ ಬೆಳೆದ ಹುಡುಗಿ ನಮಗೆ ಬೇಡ, ಎಂಬ ಸುದ್ದಿ ಯಾರದೋ ಬಾಯಿಂದ ಬಂತು.

ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಕೂಗಾಡಿದ. "ನಿನ್ ದೋಸೆ ಚಪಲಕ್ಕೆ ನನ್ ಮಗಳ ಸಂಬಂಧ ಮುರ್ದೋಯ್ತು!"

"ತಲೆನೋವು ಅಂತ ಹೇಳು ಅಂತ ನಾನ್ ಹೇಳಿದ್ನೇನೋ?" ಎಂದಳು ಅವಳು. "ಹೋಟ್ಲಿಗೆ ಹೋಗವ್ಳೆ ಬತ್ತಾಳೆ ಅಂದಿದ್ರೆ ಅವ್ರು ನಕ್ಕಂಡು ಉಣ್ಣೋರು. ಸುಳ್ ಹೇಳಿ ನನ್ನ ಕಳ್ಳಿ ಮಾಡ್ದೆ."

"ಈ ಮನೇಲಿ ಇರೋದಾದ್ರೆ ಮನೇರ ಹಂಗೆ ಇರು."

ಮಾರನೆಯ ಬೆಳಿಗ್ಗೆ ಅತ್ತೆ ಕಡೂರಿನ ಬಸ್ಸು ಹತ್ತಿ ಯಗಟಿಗೆ, ತನ್ನ ಮೈದುನನ ಮನೆಗೆ ಹೋದಳು. ಹೋಗುವಾಗ ನನ್ನ ಗಲ್ಲ ಹಿಡಿದು, "ದೋಸೆಗೆ ಹೆದ್ರೋ ಮನೆ ಕಣೇ ಅದು. ಹೋಗ್ಲಿ ಬಿಡು" ಎಂದಳು. ನನಗೆ ಅವಳ ಕೈ ಕಿತ್ತು ಹಾಕುವಷ್ಟು ಸಿಟ್ಟು ಬಂದಿತ್ತು.

ಆ ವರ್ಷದ ಹಬ್ಬಗಳನ್ನು ಏನೆಂದು ಹೇಳಲಿ. ಅಮ್ಮನ ಹೂರಣ ನೀರಾಗುತ್ತಿತ್ತು. ನಾನು ತಟ್ಟಿದ ಹೋಳಿಗೆ ಹಂಚಿನ ಮೇಲೆ ಒಡೆದುಕೊಳ್ಳುತ್ತಿತ್ತು. ನೆಂಟರು ಚೆನ್ನಾಗಿದೆ ಎನ್ನುತ್ತಲೇ ಎಲೆಯ ಮೂಲೆಗೆ ಸರಿಸುತ್ತಿದ್ದರು. ಅಪ್ಪ ಬಾಯಿ ಬಿಡುತ್ತಿರಲಿಲ್ಲ, ಅನ್ನ ಕಲಸಿಕೊಂಡು ಎದ್ದುಬಿಡುತ್ತಿದ್ದ. ಮಂಡಿಗೆ ಬಂದ ಯಗಟಿಯವರೊಬ್ಬರು, ದೀಪಾವಳಿಯ ದಿನ ಅತ್ತೆ ಅಲ್ಲಿಂದ ಬಸ್ಸು ಹತ್ತಿ ದೋಸೆ ತಿನ್ನಲು ಕಡೂರಿನ ತನಕ ಹೋಗಿದ್ದಳೆಂದು ಹೇಳಿದರು. "ಬುದ್ಧಿ ಬರಲ್ಲ ಅವಳಿಗೆ" ಎಂದು ಅಪ್ಪ ಗೊಣಗಿದ. ಗೊಣಗುತ್ತಲೇ ನಗು ತಡೆದುಕೊಂಡದ್ದು ನನಗೆ ಕಂಡಿತು. ಅದಕ್ಕೂ ಸಿಟ್ಟು ಬಂತು.

ಮುಂದಿನ ಯುಗಾದಿಗೆ ಅಪ್ಪನೇ ಹೋಗಿ ಕರೆತಂದ. "ಅಡುಗೆ ಮಾಡ್ತೀನಿ. ಆಮೇಲಿಂದು ಯಾರೂ ಕೇಳಂಗಿಲ್ಲ" ಎಂದು ಮಾತು ತೆಗೆದುಕೊಂಡೇ ಬಂದಿದ್ದಳು. ಮಾಡಿದಳು. ಮುಖ ತೊಳೆದಳು. ಸೀರೆ ಉಟ್ಟಳು. ಹೊರಟಳು. ಪಡಸಾಲೆಯ ತುಂಬ ನೆಂಟರು. ಅಪ್ಪ ಎದ್ದು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಅವಳ ಹಿಂದೆಯೇ ನಡೆದ. ಹೋಟೆಲಿನಲ್ಲಿ ಜಗಳ ಮಾಡುತ್ತಾರೇನೋ ಎಂದು ಹೆದರಿ ಅಮ್ಮ ನನ್ನನ್ನು ಅಟ್ಟಿದಳು.

ನಾನು ಹೋಗುವಷ್ಟರಲ್ಲಿ ಅಪ್ಪ ಅವಳ ಎದುರಿಗೆ ಕೂತಿದ್ದ. ಏನೋ ಹೇಳಬೇಕೆಂದು ಬಂದವನ ಹಾಗೆ ಗಂಟಲು ಸರಿಮಾಡಿಕೊಂಡ. ಅತ್ತೆ ತಲೆ ಎತ್ತಲಿಲ್ಲ.

"ಎದ್ರಿಗೆ ಕೂತ್ಕಬೇಡ ಕಣೋ, ಬೆಳಕಿಗೆ ಅಡ್ಡ ಬತ್ತೀಯ."

ಅಷ್ಟು ದೊಡ್ಡ ಮಂಡಿ ಯಜಮಾನ ಎದ್ದು, ಪಕ್ಕದ ಟೇಬಲ್ಲಿಗೆ ಹೋಗಿ ಕೂತು, ತನಗೂ ಒಂದು ಮಸಾಲೆ ದೋಸೆ ಹೇಳಿದ! ಇಬ್ಬರೂ ಒಂದು ಮಾತಿಲ್ಲದೆ ತಿಂದರು. ಮನೆಯಲ್ಲಿ ನೆಂಟರು ಎಲೆಯ ಮುಂದೆ ಕಾಯುತ್ತಿದ್ದಾರೆ, ಇಲ್ಲಿ ಈ ಅಕ್ಕ ತಮ್ಮ... ನಾನು ಬಾಗಿಲಲ್ಲೇ ನಿಂತು ನೋಡಿ ಮನೆಗೆ ಬಂದೆ. ಅಮ್ಮನಿಗೆ ಹೇಳಿದೆ. ಅಮ್ಮ ಸೌಟನ್ನು ಕುಕ್ಕಿ, "ಇಬ್ರೂ ಅಲ್ಲೇ ಬಿದ್ದಿರ್ಲಿ" ಎಂದು ತಾನೇ ಬಡಿಸಲು ಹೋದಳು.

ಆಮೇಲೆ ನನಗೆ ಕಡೂರಿನ ಸಂಬಂಧ ಬಂತು. ಅಪ್ಪ ಮೊದಲ ದಿನವೇ, "ನಮ್ಮಕ್ಕ ಹಬ್ಬದ ದಿನ ಹೋಟ್ಲಲ್ಲಿ ತಿಂತಾಳೆ" ಎಂದು ಹೇಳಿಯೇ ಮಾತು ಶುರು ಮಾಡಿದ. ಅವರು ನಕ್ಕರು, ಮದುವೆಯೂ ಆಯಿತು. ನನ್ನ ಮನೆಯ ಹಬ್ಬಗಳಿಗೂ ಅತ್ತೆ ಬಂದಳು, ನನಗೆ ಹೋಳಿಗೆ ತಟ್ಟುವುದನ್ನು ಬೈದು ಬೈದು ಕಲಿಸಿದಳು, ಮುಗಿಯುತ್ತಲೇ ನನ್ನ ಅತ್ತೆ ಮಾವಂದಿರ ಮುಂದೆಯೇ ಪುಸ್ತಕ ಹಿಡಿದು ಹೊರಟಳು. ಒಂದು ಬೇಸಿಗೆಯಲ್ಲಿ ನಾಲ್ಕಾರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಅಪ್ಪನೂ ಈಗಿಲ್ಲ. ಅವಳ ಕಾರ್ಯಕ್ಕೆ ಬಂದವರೆಲ್ಲ ಹೋಳಿಗೆಯನ್ನು ಹೊಗಳಿದ್ದೇ ಹೊಗಳಿದ್ದು. ದೋಸೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಅವಳಿಗೆ ಕೇಳಿಸಿದ್ದರೆ ರೇಗುತ್ತಿತ್ತು.

ಈ ಯುಗಾದಿಯ ದಿನವೂ ಊಟಕ್ಕೆ ಮನೆ ತುಂಬ ಜನ. ಹೋಳಿಗೆ ಅತ್ತೆಯದರ ಹಾಗೇ ಬಂದಿದೆ ಎಂದರು. ಎಲ್ಲರದೂ ಆದ ಮೇಲೆ ನಾನು ಎಲೆ ಹಾಕಿಕೊಂಡು ಕೂತೆ. ಒಬ್ಬರು ನೀರು ಕೇಳಿದರು, ಎದ್ದೆ. ಇನ್ನೊಬ್ಬರು ಹೊರಟು ನಿಂತರು, ಕುಂಕುಮ ಕೊಡಲು ಎದ್ದೆ. ಯಾರೋ ಹೊಸಬರು ಬಂದರು, ಪಾನಕ ಕೊಡಲು ಎದ್ದೆ. ಅನ್ನ ಒಣಗುತ್ತಿತ್ತು. ನನ್ನ ಮುಖ ನೋಡಿ ಯಜಮಾನರು, "ನೀನೂ ಹೋಟ್ಲಿಗೆ ಹೋಗ್ಬಾರೇ. ಇಲ್ಲಿ ನಾನ್ ನೋಡ್ಕಂತೀನಿ" ಎಂದರು. ತಮಾಷೆಗಲ್ಲ, ನಿಜವಾಗಿಯೇ ಹೇಳಿದರು.

ಸೀರೆ ಬದಲಿಸಿದೆ. ಒಂದು ಪುಸ್ತಕವನ್ನೂ ತೆಗೆದುಕೊಂಡೆ. ಪಡಸಾಲೆಯಲ್ಲಿ ಕೂತವರೆಲ್ಲ ತಲೆ ಎತ್ತಿ ನೋಡಿದರು. "ಇಷ್ಟೊತ್ನಲ್ಲಿ ಎಲ್ಗಮ್ಮ?" ಎಂದರು ಒಬ್ಬರು. ಅತ್ತೆ ಇಷ್ಟು ಮುಖಗಳ ಮುಂದೆ ಹೇಗೆ ಹಾದು ಹೋಗುತ್ತಿದ್ದಳು? ಏನು ಮಾಡಿದರೆ ಕಾಲು ಮುಂದೆ ಬರುತ್ತದೆ? ಕೇಳಬೇಕು, ಕೇಳಲು ಅವಳಿಲ್ಲ. ಹೂರಣ ಎಷ್ಟು ಗಟ್ಟಿ ಇರಬೇಕೆಂದು ಅಷ್ಟು ಬೈದು ಕಲಿಸಿದವಳು ಇದೊಂದನ್ನು ಹೇಳಿಕೊಡದೆ ಹೋದಳಲ್ಲ...

"ಮೊಸರು ತರಾಕೆ" ಎಂದೆ.

ಡೈರಿಗೆ ಹೋಗಿ ಮೊಸರು ತಂದೆ. ಮನೆಯಲ್ಲಿ ಪಾತ್ರೆ ತುಂಬ ಮೊಸರಿತ್ತು.