ಪೋರ್ಟಿಕೋ ಕಡೆಯ ಕಿಟಕಿ

ಕಾರ್ ಕಂಪನಿಯ ಪತ್ರವನ್ನು ಮೊದಲು ಓದಿದವಳು ನಾನು. ಇಂಗ್ಲಿಷ್ ಕಾಗದಪತ್ರವೆಲ್ಲ ಮನೆಯಲ್ಲಿ ನನ್ನ ಡಿಪಾರ್ಟ್‌ಮೆಂಟ್. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ. ನಮ್ಮ ಡೀಸೆಲ್ ಕಾರು ಉಗುಳುವ ಹೊಗೆ ಸರ್ಕಾರದ ಮಿತಿಗಿಂತ ಹೆಚ್ಚು, ಸರ್ವೀಸ್ ಸೆಂಟರಿಗೆ ತಂದರೆ ಉಚಿತವಾಗಿ ಸರಿಮಾಡಿಕೊಡುತ್ತೇವೆ ಎಂದಿತ್ತು. 'ವಿ ರಿಗ್ರೆಟ್ ದಿ ಇನ್‌ಕನ್ವೀನಿಯೆನ್ಸ್' ಎಂಬಲ್ಲಿಗೆ ಬಂದು, ಕನ್ನಡಕ ತೆಗೆದಿಟ್ಟೆ. ನನ್ನ ನಾದಿನಿ ತೀರಿಕೊಂಡು ಆಗ ಐದು ತಿಂಗಳು.

ನಾದಿನಿ, ಅಂದರೆ ಯಜಮಾನರ ತಂಗಿ, ಮದುವೆಯಾಗಲಿಲ್ಲ. ಇಲ್ಲೇ ಹೊಸೂರಿನ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಟ್ಟು ರಿಟೈರ್ ಆಗಿ ನಮ್ಮ ಜೊತೆಗೇ ಇದ್ದಳು. ಅವಳ ಕೋಣೆಯ ಕಿಟಕಿ ಪೋರ್ಟಿಕೋ ಕಡೆಗೆ. ಇಲ್ಲಿಯ ಚಳಿಗೆ ಇಂಜಿನ್ ಬಿಸಿಯಾಗಲಿ ಎಂದು ಇವರು ದಿನಾ ಬೆಳಿಗ್ಗೆ ಹತ್ತು ನಿಮಿಷ ಕಾರನ್ನು ಸ್ಟಾರ್ಟ್ ಮಾಡಿ ಅಲ್ಲೇ ಬಿಟ್ಟು ಪೇಪರ್ ಓದುತ್ತಿದ್ದರು. ಒಳಗೆ ಅವಳಿಗೆ ಕೆಮ್ಮು. ಮೊದಲೇ ವೀಸಿಂಗ್ ಇದ್ದ ಜೀವ.

"ಅಣ್ಣ, ಬೀದಿಲಿ ನಿಲ್ಸಿ ಸ್ಟಾರ್ಟ್ ಮಾಡ್ಬಾರ್ದಾ? ಎದೆ ಹಿಡ್ದಂಗಾಯ್ತದೆ" ಎಂದಳು ಒಂದು ದಿನ.

ಇವರು ಬಿಳಿ ಕರ್ಚೀಫನ್ನು ಸೈಲೆನ್ಸರಿಗೆ ಹಿಡಿದು ತಂದು ಕಿಟಕಿಯಲ್ಲಿ ತೋರಿಸಿದರು. "ನೋಡಮ್ಮ ಟೀಚರಮ್ಮ, ಒಂದ್ ಚುಕ್ಕೆ ಮಸಿ ಐತಾ? ನಿನ್ ಸಾಂಬ್ರಾಣಿಗಿಂತ ಕ್ಲೀನು!"

"ಮಸಿ ಇಲ್ದಿದ್ರೆ ಹೊಗೇನೂ ಇಲ್ಲ ಅಂತ ಯಾವ ಲೆಕ್ಕದಲ್ಲಿ ಬತ್ತದೆ ಅಣ್ಣ?"

ಹಾಗೆಂದು ನನ್ನ ಕಡೆ ನೋಡಿದಳು. ನಾನು ನಕ್ಕೆ. "ಎಲ್ಲಾ ಇಮ್ಯಾಜಿನೇಷನ್ ಕಣೆ. ಯು ಆರ್ ಟೂ ಸೆನ್ಸಿಟಿವ್." ಆಮೇಲೂ ಎಷ್ಟು ಸಲ ಅದನ್ನೇ ಹೇಳಿದೆನೋ.

ಒಂದು ಮಳೆಗಾಲ ಮುಗಿದ ಮೇಲೆ ಅವಳು ಹತ್ತಿರದ ತಳಿ ಎಂಬ ಊರಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯ ಹಿಂಭಾಗ ಬಾಡಿಗೆಗೆ ಹಿಡಿದು ಹೊರಟುಬಿಟ್ಟಳು. "ಅಲ್ಲಿ ಗಾಳಿ ಚೆನ್ನಾಗೈತೆ ಅತ್ತಿಗೆ" ಎಂದಳಷ್ಟೆ. ನಮಗೆ ಅದು ಮುನಿಸಾಗಿ ಕಂಡಿತು. ಹಬ್ಬಗಳಿಗೆ ಹೋಗಿ ಕರೆಯಲಿಲ್ಲ, ಫೋನ್ ಮಾಡಿದೆವು. ಮೂರನೆಯ ಚಳಿಗಾಲ ಉಸಿರಾಡಲಾಗದೆ ಅಲ್ಲೇ ಹೋದಳು.

ಕೃಷ್ಣಗಿರಿ ರಸ್ತೆಯ ಸರ್ವೀಸ್ ಸೆಂಟರಿನಲ್ಲಿ ನರೆಗೂದಲಿನ ಸೂಪರ್‌ವೈಸರ್, "ಸಾಫ್ಟ್‌ವೇರ್ ಅಷ್ಟೇ ಮೇಡಂ, ಎರಡು ಗಂಟೆ ಕೆಲಸ" ಎಂದರು.

"ನಮ್ಮ ಕಾರಲ್ಲಿ ಮಸಿನೇ ಬರ್ತಿರ್ಲಿಲ್ಲವಲ್ಲ?"

"ಮಸಿ ಬೇರೆ ಮೇಡಂ. ಇದು ಗ್ಯಾಸು, ಕಣ್ಣಿಗೆ ಕಾಣಲ್ಲ. ಟೆಸ್ಟಲ್ಲಿ ಕಮ್ಮಿ ಬಿಡೋದು, ರೋಡಲ್ಲಿ ಜಾಸ್ತಿ ಬಿಡೋದು, ಹಂಗೆ ಕಂಪನಿಯವ್ರೇ ಸೆಟ್ ಮಾಡ್ಬಿಟ್ಟಿದ್ರು. ವೀಸಿಂಗ್ ಇರೋರಿಗೆ ಒಳ್ಳೇದಲ್ಲ."

ಪಕ್ಕದಲ್ಲಿದ್ದ ಇವರು ನೆಲ ನೋಡುತ್ತಿದ್ದರು.

ಅವಳ ಪ್ರಾಣ ತೆಗೆದದ್ದು ನಮ್ಮ ಕಾರು ಎಂದು ನಾನು ಹೇಳಲಾರೆ. ಯಾವ ಡಾಕ್ಟರೂ ಹಾಗೆ ಹೇಳಲಿಲ್ಲ. ತಳಿಯ ಆ ಮನೆಯಲ್ಲಿ ಕಾರೂ ಇರಲಿಲ್ಲ. ಆದರೆ ಅವಳು ಹೇಳಿದ್ದು ನಿಜ. ಆ ನಿಜವನ್ನು ನನ್ನ ಎರಡು ಚಂದದ ಇಂಗ್ಲಿಷ್ ಮಾತಿನಲ್ಲಿ ನಾನು ಸುಳ್ಳುಮಾಡಿದೆ. ಅವಳು ಇದ್ದಿದ್ದರೆ ಹೋಗಿ ಕೈ ಹಿಡಿದುಕೊಳ್ಳಬಹುದಿತ್ತು.

ವಾಪಸು ಬರುವಾಗ ಇವರು ರಸ್ತೆಯಿಂದ ಕಣ್ಣು ಕೀಳದೆ, "ನೀನಾದ್ರೂ ಒಂದ್ ಮಾತು ಹೇಳಿದ್ರೆ ಬೀದಿಲೇ ನಿಲ್ಸ್ತಿದ್ನಲ್ಲೇ" ಎಂದರು.

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಇಷ್ಟು ವರ್ಷದಲ್ಲಿ ನಾನು ಗಟ್ಟಿಯಾಗಿ ಕೇಳಿದ್ದನ್ನು ಇವರು ಇಲ್ಲವೆಂದದ್ದು ನನಗೆ ನೆನಪಿಲ್ಲ. ಅವಳಿಗಾಗಿ ಒಂದು ಸಲ ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ.